ಹರಕೆ ಬಾಕಿ ಉಳಿಯಿತೆಂಬ ಭಯ

ಗುಳೇದಗುಡ್ಡದ ಕಡೆಯ ಐವತ್ತು ದಾಟಿದ ತಾಯಿಯೊಬ್ಬರು ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದಿದ್ದರು. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಮನೆಯಲ್ಲೇ ಖಣ, ಅಂದರೆ ರವಿಕೆಯ ಬಟ್ಟೆ, ನೇಯುತ್ತಿದ್ದವರು. ಗಂಡ ಹೃದಯಾಘಾತದಿಂದ ತೀರಿಕೊಂಡು ವರ್ಷ ದಾಟಿತ್ತು. ಊಟ ಒಪ್ಪೊತ್ತು, ನಡುರಾತ್ರಿಗೇ ಎಚ್ಚರ, ಮಗ್ಗದ ಮೇಲೆ ಅರ್ಧ ನೇಯ್ದ ಖಣ ಹಾಗೇ ಧೂಳು ಹಿಡಿದಿದೆ, ದೇವರ ಕೋಣೆಯ ಬಾಗಿಲು ತೆಗೆದಿಲ್ಲ. ಇಷ್ಟನ್ನೂ ಹೇಳಿದ್ದು ಜೊತೆಗೆ ಬಂದ ಮಗಳು.

ತಾಯಿ ಸೆರಗಿನ ಎಳೆಯೊಂದನ್ನು ಜಗ್ಗಿ ಜಗ್ಗಿ ಬೆರಳಿಗೆ ಸುತ್ತುತ್ತ ಕೂತಿದ್ದರು. ಬಹಳ ಹೊತ್ತಿನ ಮೇಲೆ, "ಬನದ ಹುಣ್ಣಿವಿಗೆ ಬನಶಂಕರಿಗೆ ಉಡಿ ತುಂಬತೀನಿ ಅಂತ ಬೇಡಿಕೊಂಡಿದ್ದೆ. ಹೋಗಲಿಲ್ರಿ. ಅದಕ್ಕ ಅವ್ವ ಅವರನ್ನ ಒಯ್ದಳು" ಅಂದರು. ಶಾಂತಿ ಮಾಡಿಸದಿದ್ದರೆ ಮಕ್ಕಳಿಗೂ ಕೇಡು ಎಂದು ಯಾರೋ ದುಡ್ಡು ಬೇರೆ ಕೇಳಿದ್ದರಂತೆ. ಇಂಥವರು ಹಚ್ಚಿದ ಭಯ ಬಿಡಿಸುವುದರಲ್ಲೇ ಅರ್ಧ ಕೆಲಸ ಹೋಗುತ್ತದೆ.

"ಸಾಯಬೇಕು ಅನಸ್ತದೇನ್ರಿ?" ಎಂದು ನೇರವಾಗಿ ಕೇಳಿದೆ. ಕೇಳಿದರೆ ಆ ವಿಚಾರ ತಲೆಗೆ ಹೊಕ್ಕೀತು ಎನ್ನುವುದು ತಪ್ಪು ತಿಳಿವಳಿಕೆ. "ಕರಕೊಂಡ್ರ ಚೊಲೋ ಅನಸ್ತದ, ನಾನಾಗಿ ಏನೂ ಮಾಡ್ಕೊಳ್ಳಂಗಿಲ್ಲ" ಅಂದರು. ಅದೇ ವಾರ ಮನೋವೈದ್ಯರ ಹತ್ತಿರ ಕಳಿಸಿದೆ. ಖಿನ್ನತೆ ಎಂದು ಗುರುತಿಸಿ ಮಾತ್ರೆ ಬರೆದರು. ಅದು ಹತ್ತಲು ಕೆಲವು ವಾರ ಬೇಕು, ನಡುವೆ ಬಿಡಬೇಡಿ ಎಂದು ಮಗಳಿಗೂ ತಿಳಿಸಿದೆ.

ನಿದ್ದೆ ಸ್ವಲ್ಪ ಹತ್ತತೊಡಗಿದ ಮೇಲೆ ದೇವಿಯ ಮಾತು ತೆಗೆದೆ. ಸಣ್ಣಾಕೆಯಿದ್ದಾಗ ತವರಿನವರ ಜೊತೆ ಬನಶಂಕರಿ ಗುಡಿಯಿರುವ ಚೊಳಚಗುಡ್ಡಕ್ಕೆ ಹೋಗುತ್ತಿದ್ದುದು, ಬನದ ಹುಣ್ಣಿವೆಯ ಜಾತ್ರೆಯ ಮುಂಚೆ ಪಲ್ಯದ ಹಬ್ಬಕ್ಕೆ ದೇವಿಗೆ 108 ಬಗೆಯ ಪಲ್ಯ ಎಡೆ ಹಿಡಿಯುವುದು, ಎಲ್ಲ ಹೇಳಿದರು. ಬರಗಾಲದಲ್ಲಿ ಕಾಯಿಪಲ್ಯ ಕೊಟ್ಟು ಜೀವ ಉಳಿಸಿದ ಶಾಕಂಭರಿ ಅವಳೇ ಅಂತಲೂ ಅಂದರು. "ಬರದಾಗ ಉಣ್ಣಿಸಿ ಉಳಿಸಿದಾಕಿ ಅಂತೀರಿ. ಅಂಥಾಕಿ ಒಂದು ಉಡಿಗೆ ಗಂಡನ ಜೀವ ತಗೊಂಡಾಳೇನ್ರಿ?" ಅಂದೆ. ನಾನು ಪೂಜಾರಿಯಲ್ಲ, ದೇವಿ ಹೇಗೆಂದು ತೀರ್ಪು ಕೊಡುವುದು ನನ್ನ ಕೆಲಸವೂ ಅಲ್ಲ. ಅವರೇ ಹೇಳಿದ್ದನ್ನು ಅವರ ಮುಂದಿಟ್ಟೆ. ಮಣ್ಣು ಮಾಡಿದ ದಿನ ಕೂಡ ಅಳದವರು ಅವತ್ತು ಅತ್ತರು.

ಕೊಟ್ಟ ಸಲಹೆ ಇಷ್ಟು: ಮನಸ್ಸು ತಿಳಿಯಾಗುವವರೆಗೆ ಹೊಸ ಹರಕೆ ಬೇಡ, ಉಪವಾಸ ಬೇಡ. ಸಂಜೆ ದೀಪ ಹಚ್ಚಿ ಹತ್ತು ನಿಮಿಷ ಕೂತು, ಬಾಯಿಬಿಟ್ಟು ಮಾತಾಡಿ, ಸಿಟ್ಟಿದ್ದರೆ ಬೈಯಿರಿ. ಬಸವಣ್ಣನೂ ಕೂಡಲಸಂಗಮದೇವನೊಡನೆ ಜಗಳ ಆಡಿದವನೇ. ಗುಡಿಗೆ ಹೋಗುವುದಾದರೆ ಜಾತ್ರೆಯ ಗದ್ದಲದಲ್ಲಿ ಬೇಡ, ಒಂದು ಶುಕ್ರವಾರ ಮಗಳ ಜೊತೆ ಹೋಗಿ. ತೀರಿಸುವುದಕ್ಕಲ್ಲ, ಸುಮ್ಮನೆ ಭೆಟ್ಟಿಗೆ.

ಹೋಗಿ ಬಂದರು. "ಭಾಳ ಬೈದೆ ನೋಡ್ರಿ" ಎನ್ನುವಾಗ ತುಸು ನಕ್ಕರು. ಜಾತ್ರೆಯ ದಿನ ಬಂದರೆ ಇನ್ನೂ ಎದೆ ಡವಗುಡುತ್ತದೆ. ಅದು ಇಷ್ಟು ಬೇಗ ಹೋಗುವುದಲ್ಲ. ಅವ್ವ ನೋಡ್ಕೋತಾಳ, ಇನ್ನು ಗುಳಿಗಿ ಯಾಕ ಅಂತಲೂ ಕೇಳಿದರು. ಆರಾಮ ಅನಿಸಿದ ಮೇಲೂ ಕೆಲವು ತಿಂಗಳು ತಗೊಳ್ಳಬೇಕು, ಬಿಡುವುದನ್ನು ಡಾಕ್ಟರೇ ಹೇಳಬೇಕು ಎಂದೆ. ಹೊತ್ತಲ್ಲದ ಹೊತ್ತಿನಲ್ಲಿ ಜೀವ ಬೇಡವೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಲು ಹೇಳಿ, ಆ ನಂಬರನ್ನು ಮಗಳ ಮೊಬೈಲಿನಲ್ಲಿ ಹಾಕಿಸಿದೆ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.