ಟಾರ್ಚ್ ಬಿಚ್ಚಿದ ಹುಡುಗ

ಗುರುತು ಸಿಗಬಾರದು ಅಂತ ಊರು, ಹೆಸರು ಎಲ್ಲ ಬಿಟ್ಟಿದ್ದೇನೆ. ನಾಲ್ಕೂವರೆ ವರ್ಷದ ಹುಡುಗ, ಎಲ್‌ಕೆಜಿ. "ಮೇಡಂ, ಇವನು ಒಂದು ಕಡೆ ಕೂರೋದೇ ಇಲ್ಲ, ಹೈಪರ್ ಇರಬಹುದು, ತೋರಿಸಿ ಅಂದ್ರು ಮಿಸ್ಸು" ಅಂತ ಅಮ್ಮ ಮಕ್ಕಳ ಇಂಥ ತೊಂದರೆ ನೋಡುವ ನನ್ನ ಹತ್ತಿರ ಕರೆತಂದಿದ್ದರು. ಮನೆಯ ಟಾರ್ಚ್ ಬಿಚ್ಚಿ ಹಾಕಿದ್ದ, ಅಜ್ಜಿಯ ಕನ್ನಡಕದ ಸ್ಕ್ರೂ ಕಳೆದಿದ್ದ, ಎದ್ದಾಗಿನಿಂದ ಮಲಗೋವರೆಗೆ 'ಯಾಕೆ, ಯಾಕೆ'. ಮನೆಯವರ ಉತ್ತರ ಒಂದೇ: ಸುಮ್ನಿರು.

ನಾವು ಮಾತಾಡುತ್ತಿದ್ದಾಗ ಅವನು ಕಿಟಕಿ ಹತ್ತಿರ ಕೂತಿದ್ದ. ಅಲ್ಲಿ ಇರುವೆ ಸಾಲು. ಬೆರಳಿನಿಂದ ಸಾಲಿನ ನಡುವೆ ಒರೆಸಿದ. ಇರುವೆಗಳು ಗಲಿಬಿಲಿಯಾಗಿ ಅಲ್ಲಲ್ಲೇ ಸುತ್ತಿದವು, ಸ್ವಲ್ಪ ಹೊತ್ತಿಗೆ ಮತ್ತೆ ಸಾಲು ಕೂಡಿಕೊಂಡಿತು. ಮತ್ತೆ ಒರೆಸಿದ. ಇಪ್ಪತ್ತು ನಿಮಿಷ ಅಲ್ಲಾಡಲಿಲ್ಲ.

ಕೊನೆಗೆ ಅಮ್ಮನೇ ಕೇಳಿದರು, "ಯಾಕೋ ಹಂಗೆ ಸುತ್ತುತ್ವೆ?" "ನಾನು ಅದರ ದಾರಿ ಅಳಿಸಿಬಿಟ್ಟೆ." ಇರುವೆಗಳು ನೆಲದ ಮೇಲೆ ವಾಸನೆಯ ಗುರುತು ಬಿಟ್ಟು ಅದರ ಮೇಲೇ ನಡೆಯುತ್ತವೆ. ಮಗು ತಾನಾಗಿಯೇ ಅದರ ಹತ್ತಿರ ಬಂದಿತ್ತು!

ಇಷ್ಟವಾದದ್ದರಲ್ಲಿ ಮುಳುಗೋದು ಗಮನದ ತೊಂದರೆ ಇರುವ ಮಕ್ಕಳಲ್ಲೂ ಇರುತ್ತದೆ, ಹಾಗಾಗಿ ಇದೊಂದನ್ನೇ ನೋಡಿ ನಾನು ಏನೂ ತೀರ್ಮಾನ ಮಾಡಲಿಲ್ಲ. ಮನೆ, ಶಾಲೆ ಎರಡೂ ಕಡೆ, ಕನಿಷ್ಠ 6 ತಿಂಗಳು ತೊಂದರೆ ಕಂಡರೆ ಮಾತ್ರ ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆ, ಅನ್ನುವ ಹೆಸರು ಹೇಳುವ ಮಾತು. ಇವನು ಶಾಲೆಗೆ ಸೇರಿ ಮೂರು ತಿಂಗಳೂ ಆಗಿರಲಿಲ್ಲ.

ನಾನು ಹೇಳಿದ್ದು ಇಷ್ಟು. ಅವನು 'ಯಾಕೆ' ಅಂದಾಗ ತಕ್ಷಣ ಉತ್ತರ ಕೊಡಬೇಡಿ, ಫೋನನ್ನೂ ತೆಗೀಬೇಡಿ, "ನಿಂಗೇನು ಅನ್ಸುತ್ತೆ?" ಅಂತ ಕೇಳಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ, ಬಾ ನೋಡೋಣ ಅನ್ನಿ. ಒಗ್ಗರಣೆ ಹಾಕುವಾಗ ಬಂದು ಪೀಡಿಸಿದರೆ "ಇದನ್ನ ರಾತ್ರಿಗೆ ಇಟ್ಕೋ" ಅನ್ನಿ, ಆದರೆ ರಾತ್ರಿ ನೀವೇ ನೆನಪು ಮಾಡಬೇಕು, ಇಲ್ಲಾಂದ್ರೆ ಅದೂ ಒಂದು 'ಸುಮ್ನಿರು' ಅಷ್ಟೇ. ಬಿಚ್ಚೋಕೆ ಒಂದು ಡಬ್ಬಿ ಕೊಡಿ, ಕೆಟ್ಟ ಟಾರ್ಚು, ಹಳೇ ಬೀಗ ಹಾಕಿಡಿ. ಗುಂಡಗಿನ ಸಣ್ಣ ಬ್ಯಾಟರಿ ಮಾತ್ರ ಒಂದೂ ಇರಬಾರದು, ನುಂಗಿದರೆ ಅನ್ನನಾಳ ಸುಟ್ಟುಹೋಗಬಹುದು, ಜೀವಕ್ಕೇ ಅಪಾಯ. ಮೊಳಕೆ ಬಂದ ಹೆಸರುಕಾಳು ಎರಡು ಲೋಟದಲ್ಲಿ ಒದ್ದೆ ಹತ್ತಿ ಮೇಲೆ ಹಾಕಿ, ಒಂದು ಕಿಟಕಿಯಲ್ಲಿ, ಇನ್ನೊಂದು ಬೀರುವಿನೊಳಗೆ. ದಿನಾ ಅವನೇ ನೋಡಲಿ.

ಎರಡು ವಾರಕ್ಕೆ ಅಮ್ಮನ ಫೋನು. "ಬೀರುವಿಂದು ಬಿಳಚಿಕೊಂಡು ಎಷ್ಟುದ್ದ ಬಂದಿದೆ ಮೇಡಂ! ಬೆಳಕು ಹುಡುಕ್ತಿದೆ ಅಂತಾನೆ." ಅಜ್ಜಿ ಹಳೇ ಗಡಿಯಾರವನ್ನೂ ಡಬ್ಬಿಗೆ ಹಾಕಿದ್ದಾರಂತೆ. ಕ್ಲಾಸಿನಲ್ಲಿ ಚಡಪಡಿಕೆ ಇನ್ನೂ ಇದೆ, ಮುಂದಿನ ಸಲ ಮಿಸ್ಸನ್ನೂ ಕರೆದಿದ್ದೇನೆ.