ಯುದ್ಧ ಬೇಕೆನ್ನುವ ಪಂಡಿತರನ್ನು ಎಷ್ಟು ನಂಬಬಹುದು?

ಟಿವಿಯಲ್ಲಿ, ಪತ್ರಿಕೆಯಲ್ಲಿ "ಈಗಲೇ ಯುದ್ಧ ಆಗಬೇಕು" ಎನ್ನುವ ವಿದೇಶಾಂಗ ತಜ್ಞರ ಮಾತಿಗೆ ಎಷ್ಟು ಬೆಲೆ ಕೊಡಬೇಕು ಅಂತ ಕೇಳಿದ್ದೀರಿ. ನಾನಂತೂ ಅವರ ಪದವಿ, ಹುದ್ದೆ ನೋಡುವುದಿಲ್ಲ. ಹಿಂದಿನ ಯುದ್ಧದ ಹೊತ್ತಿಗೆ ಏನು ಹೇಳಿದ್ದರು, ಗೆದ್ದ ಮರುದಿನದ ಬಗ್ಗೆ ಏನಾದರೂ ಯೋಚಿಸಿದ್ದಾರಾ, ಇವೆರಡನ್ನೇ ನೋಡುತ್ತೇನೆ.

2003ರಲ್ಲಿ ಅಮೆರಿಕ ಇರಾಕ್ ಮೇಲೆ ಮಾಡಿದ ಯುದ್ಧವನ್ನೇ ತಗೊಳ್ಳಿ. 2002ರ ಫೆಬ್ರವರಿಯಲ್ಲಿ ಅಮೆರಿಕ ಸರ್ಕಾರದಲ್ಲಿ ಹಿಂದೆ ಅಧಿಕಾರಿಯಾಗಿದ್ದ ಕೆನ್ ಏಡಲ್‌ಮನ್ ಎಂಬುವರು ವಾಷಿಂಗ್ಟನ್ ಪೋಸ್ಟ್‌ನಲ್ಲಿ ಒಂದು ಲೇಖನ ಬರೆದರು. ಸದ್ದಾಂ ಸೇನೆಯನ್ನು ಮುಗಿಸುವುದು ನೀರು ಕುಡಿದಷ್ಟು ಸುಲಭ ಎಂಬುದು ಅದರ ಸಾರ. ಅದಕ್ಕೆ ನಾಲ್ಕು ಕಾರಣ ಕೊಟ್ಟರು. ಕಳೆದ ಸಲವೂ (1991ರ ಗಲ್ಫ್ ಯುದ್ಧದಲ್ಲಿ) ಸುಲಭವಾಗಿಯೇ ಆಯಿತು, ಅವರೀಗ ಇನ್ನೂ ಸೊರಗಿದ್ದಾರೆ, ನಾವು ಇನ್ನೂ ಬಲಿತಿದ್ದೇವೆ, ಈ ಸಲ ಪೂರ್ತಿ ಮುಗಿಸಿಯೇ ಬಿಡುತ್ತೇವೆ. ನಾಲ್ಕೂ ಬರೀ ಕಾದಾಟದ ಮಾತು. ಬಾಗ್ದಾದ್ ಬಿದ್ದ ಮೇಲೆ ಊರಿಗೆ ಕರೆಂಟು ಯಾರು ಕೊಡುತ್ತಾರೆ, ಪೊಲೀಸರು ಎಲ್ಲಿಂದ ಬರುತ್ತಾರೆ ಎನ್ನುವುದು ಈ ಪಟ್ಟಿಯಲ್ಲಿ ಇಲ್ಲವೇ ಇಲ್ಲ. 2003ರ ಏಪ್ರಿಲ್ 9ಕ್ಕೆ ಬಾಗ್ದಾದ್ ಬಿತ್ತು. ಮರುದಿನವೇ ಅವರು ಅದೇ ಪತ್ರಿಕೆಯಲ್ಲಿ ತಮ್ಮ ಮಾತು ನಿಜವಾಯಿತೆಂದು ಮತ್ತೆ ಬರೆದರು. ಮುಂದೆ ಸತ್ತವರು ಅಮೆರಿಕದ ಸುಮಾರು 4,500 ಸೈನಿಕರು, ಇರಾಕಿನ ಒಂದು ಲಕ್ಷಕ್ಕೂ ಜಾಸ್ತಿ ಸಾಮಾನ್ಯ ಜನ.

ಅದೇ ಹೊತ್ತಿನಲ್ಲಿ ಇನ್ನೊಬ್ಬರು ಏನು ಹೇಳಿದ್ದರು ನೋಡಿ. ಅಮೆರಿಕದ ಭೂಸೇನೆಯ ಮುಖ್ಯಸ್ಥ ಜನರಲ್ ಎರಿಕ್ ಶಿನ್ಸೆಕಿಯವರನ್ನು 2003ರ ಫೆಬ್ರವರಿ 25ರಂದು ಸೆನೆಟ್ ಸಮಿತಿ ಕೇಳಿತು, ಗೆದ್ದ ಮೇಲೆ ಎಷ್ಟು ಸೈನಿಕರು ಬೇಕಾಗಬಹುದು ಅಂತ. ಕೆಲವು ಲಕ್ಷ ಬೇಕಾಗಬಹುದು ಎಂದರು. ಅವರು ವಿಯೆಟ್ನಾಂನಲ್ಲಿ ಕಾಲಿನ ಒಂದು ಭಾಗ ಕಳೆದುಕೊಂಡವರು. ಬೋಸ್ನಿಯಾದಲ್ಲಿ ಶಾಂತಿ ಕಾಯುವ ಪಡೆಯನ್ನು ನಡೆಸಿದವರು. ಎರಡೇ ದಿನದಲ್ಲಿ ರಕ್ಷಣಾ ಇಲಾಖೆಯ ಎರಡನೇ ಸ್ಥಾನದಲ್ಲಿದ್ದ ಪಾಲ್ ವುಲ್ಫೊವಿಟ್ಜ್ ಆ ಅಂದಾಜನ್ನು ತಳ್ಳಿಹಾಕಿದರು. ಯುದ್ಧಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಸೈನಿಕರು ಆಮೇಲಿನ ಶಾಂತಿಗೆ ಬೇಕಾಗುತ್ತಾರೆ ಎನ್ನುವುದೇ ತಮಗೆ ಊಹಿಸಲು ಕಷ್ಟ ಎಂದರು. ಗೆದ್ದ ಮೇಲೆ ಸೈನಿಕರು ಸಾಲಲಿಲ್ಲ, ಶಿನ್ಸೆಕಿ ಮಾತೇ ಸರಿಯಾಯಿತು. ಆದರೆ 2005ರಲ್ಲಿ ವಿಶ್ವಬ್ಯಾಂಕ್ ಅಧ್ಯಕ್ಷರಾದವರು ವುಲ್ಫೊವಿಟ್ಜ್.

ನನಗೆ ಸಿಟ್ಟು ಬರುವುದು ಇಲ್ಲೇ. ಈ ವೃತ್ತಿಯಲ್ಲಿ ತಪ್ಪಿಗೆ ದಂಡವೇ ಇಲ್ಲ. ಯುದ್ಧ ಬೇಕೆಂದಿದ್ದ ಪತ್ರಕರ್ತ ಬಿಲ್ ಕ್ರಿಸ್ಟಲ್, ಇರಾಕಿನ ಮುಸ್ಲಿಮರ ಎರಡು ಪಂಗಡಗಳಾದ ಶಿಯಾಗಳಿಗೂ ಸುನ್ನಿಗಳಿಗೂ ಆಗಿಬರುವುದಿಲ್ಲ ಎನ್ನುವುದಕ್ಕೆ ಪುರಾವೆಯೇ ಇಲ್ಲವೆಂಬಂತೆ 2003ರಲ್ಲಿ ರೇಡಿಯೋದಲ್ಲಿ ಮಾತಾಡಿದರು. 2006ರಲ್ಲಿ ಇರಾಕಿನ ಸಾಮರ್ರಾ ಊರಿನ ಶಿಯಾ ಮಸೀದಿಗೆ ಬಾಂಬ್ ಇಟ್ಟ ಮೇಲೆ ಎರಡೂ ಕಡೆಯವರ ಹೆಣಗಳು ಬಾಗ್ದಾದ್‌ನ ಬೀದಿಗಳಲ್ಲಿ ಸಿಗತೊಡಗಿದವು. 2008ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಆ ಕ್ರಿಸ್ಟಲ್‌ಗೇ ಅಂಕಣ ಕೊಟ್ಟಿತು. ಇನ್ನೊಂದು ಕಡೆ, ಈ ಯುದ್ಧ ಅಮೆರಿಕಕ್ಕೆ ಒಳ್ಳೆಯದಲ್ಲ ಎಂದು 33 ವಿದ್ವಾಂಸರು 2002ರ ಸೆಪ್ಟೆಂಬರ್‌ನಲ್ಲಿ ಅದೇ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿದ್ದರು. ಅವರು ಅಷ್ಟು ಹೇಳುವುದಕ್ಕೆ ದುಡ್ಡು ಕೊಟ್ಟು ಜಾಗ ಕೊಂಡುಕೊಳ್ಳಬೇಕಾಯಿತು!

ಮಾತಾಡುವವರ ಹಿಂದೆ ಯಾರಿದ್ದಾರೆ ಎನ್ನುವುದೂ ಮುಖ್ಯ. ಟಿವಿಯಲ್ಲಿ ಸ್ವತಂತ್ರ ವಿಶ್ಲೇಷಕರಂತೆ ಕೂರುತ್ತಿದ್ದ ನಿವೃತ್ತ ಸೇನಾಧಿಕಾರಿಗಳಿಗೆ ಪೆಂಟಗನ್ನೇ (ಅಮೆರಿಕದ ರಕ್ಷಣಾ ಇಲಾಖೆ) ಹೇಳಿಕೊಟ್ಟು ಕಳಿಸುತ್ತಿತ್ತು ಎಂದು 2008ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಕರ್ತ ಡೇವಿಡ್ ಬಾರ್ಸ್ಟೋ ತನಿಖಾ ವರದಿ ಬರೆದರು. ಅವರಲ್ಲಿ ಎಷ್ಟೋ ಜನಕ್ಕೆ ಶಸ್ತ್ರಾಸ್ತ್ರ ಮಾರುವ ಕಂಪನಿಗಳ ಜೊತೆ ನಂಟಿತ್ತು. ನೋಡುವ ಜನಕ್ಕೆ ಅದು ಗೊತ್ತೇ ಇರಲಿಲ್ಲ.

ಹಾಗಂತ ಯುದ್ಧ ಬೇಡ ಎನ್ನುವವರೆಲ್ಲ ಸರಿ ಅಂತಲ್ಲ. 1991ರ ಗಲ್ಫ್ ಯುದ್ಧದಲ್ಲಿ ಅಮೆರಿಕದ ಸಾವಿರಾರು ಸೈನಿಕರು ಸಾಯುತ್ತಾರೆ ಎಂದು ಹೆದರಿಸಿದವರು ಬಹಳ ಜನ. ಕಾದಾಟದಲ್ಲಿ ಸತ್ತವರು 150ರ ಆಸುಪಾಸು. ಹಾಗೆ ಹೆದರಿಸಿದವರ ಲೆಕ್ಕವನ್ನೂ ತೆಗೆದು ನೋಡಬೇಕು, ಅಲ್ವಾ? ಮನಶ್ಶಾಸ್ತ್ರಜ್ಞ ಫಿಲಿಪ್ ಟೆಟ್ಲಾಕ್ 284 ತಜ್ಞರ ಭವಿಷ್ಯವಾಣಿಗಳನ್ನು ವರ್ಷಗಟ್ಟಲೆ ಬರೆದಿಟ್ಟು ತಾಳೆ ನೋಡಿದ್ದರು. ಟಿವಿ, ಪತ್ರಿಕೆಗಳಲ್ಲಿ ಹೆಚ್ಚು ಹೆಸರು ಮಾಡಿದವರೇ ಹೆಚ್ಚು ಎಡವಿದ್ದರು. ಇದರಲ್ಲಿ ಆಶ್ಚರ್ಯವೇನಿಲ್ಲ. "ಹೀಗೂ ಆಗಬಹುದು, ಹಾಗೂ ಆಗಬಹುದು" ಎನ್ನುವವರನ್ನು ಯಾವ ಚಾನೆಲ್‌ನವರೂ ಮತ್ತೆ ಕರೆಯುವುದಿಲ್ಲ.

ಎಷ್ಟು ವರ್ಷ, ಎಷ್ಟು ಸೈನಿಕರು, ದುಡ್ಡು ಯಾರದು, ಗೆದ್ದ ಊರನ್ನು ಆಳುವವರು ಯಾರು. ಇಷ್ಟಕ್ಕೆ ಲೆಕ್ಕ ಕೊಡುವವರು ಯುದ್ಧ ಬೇಕು ಎಂದರೂ ನಾನು ಕೂತು ಕೇಳುತ್ತೇನೆ. ಸುಮ್ನೆ ಮೇಜು ಗುದ್ದುವವರು ಬಂದರೆ ಚಾನೆಲ್ ಬದಲಿಸುತ್ತೇನೆ.

ಇದು ಅಮೆರಿಕದವರ ತಲೆನೋವು ಮಾತ್ರ ಅಂದುಕೊಳ್ಳಬೇಡಿ. 2003ರಲ್ಲಿ ಇರಾಕಿಗೆ ಸೈನಿಕರನ್ನು ಕಳಿಸಿ ಎಂದು ಅಮೆರಿಕ ನಮ್ಮನ್ನೂ ಕೇಳಿತ್ತು. ಕಳಿಸಿದರೆ ಭಾರತದ ತೂಕ ಹೆಚ್ಚುತ್ತದೆ ಎಂದು ದೆಹಲಿಯ ಕೆಲವು ವಿಶ್ಲೇಷಕರು ವಾದಿಸಿದ್ದರು. ಜುಲೈ 14ರಂದು ವಾಜಪೇಯಿ ಸರ್ಕಾರ ಆಗುವುದಿಲ್ಲ ಎಂದಿತು. ಐದು ವಾರ ಕಳೆದ ಮೇಲೆ ಬಾಗ್ದಾದ್‌ನ ವಿಶ್ವಸಂಸ್ಥೆ ಕಚೇರಿಯ ಹತ್ತಿರ ಲಾರಿ ಬಾಂಬ್ ಸಿಡಿದು 22 ಜನ ಸತ್ತರು. ಅವತ್ತು ಕಳಿಸಿ ಎಂದಿದ್ದವರ ಲೇಖನಗಳನ್ನು ಹುಡುಕಿ ಓದಿ. ಅವರಲ್ಲಿ ಯಾರಾದರೂ ಮುಂದಿನ ಸಲ ಟಿವಿಗೆ ಬಂದಾಗ ನಿಮಗೆ ಉಪಯೋಗಕ್ಕೆ ಬರುತ್ತದೆ.