ರಾಕ್ ಲೀ ಸೋತ, ನಿಮ್ಮ ಪರೀಕ್ಷೆ ಏನಾಯ್ತು?

ದಾವಣಗೆರೆಯ ಗೆಳೆಯರಿಗೆ ನಮಸ್ಕಾರ.

ಜಪಾನಿ ಕಾರ್ಟೂನ್ ಸರಣಿಗಳ ಬಗ್ಗೆ ನೀವು ಬರೆದ ‘ಅನಿಮೆ ನನ್ನ ಉಸಿರು’ ಎಂಬ ಲೇಖನ ಬಂದು ಮೂರು ವಾರವಾಯಿತು. ತಡವಾಗಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ನಾನು ಎರಡು ಸಲ ಓದಿದೆ, ಆಮೇಲೆ ಎಂಟನೇ ಕ್ಲಾಸಿನ ಮಗಳ ಕೈಗೆ ಕೊಟ್ಟೆ, ಯಾಕೆಂದರೆ ನಮ್ಮ ಮನೆಯಲ್ಲಿ ನೀವು ಬರೆದಿರುವ ‘ನರುಟೊ’ ಎಂಬ ಸರಣಿಯ ವಿಷಯಕ್ಕೆ ಅವಳೇ ಹೈಕೋರ್ಟು. ನೇರವಾಗಿ ಹೇಳುತ್ತೇನೆ, ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಹಾಗಂತ ಸುಮ್ನೆ ವಾಪಸ್ ಕಳಿಸಲೂ ಮನಸ್ಸು ಬರಲಿಲ್ಲ. ಐದನೇ ಪುಟದ ಕೆಳಗೆ ನೀವು ಮೂರೇ ಮೂರು ವಾಕ್ಯ ಬರೆದು ಓಡಿಹೋಗಿದ್ದೀರಿ. ಈ ಪತ್ರ ಬರೆಯುತ್ತಿರುವುದು ಆ ಮೂರು ವಾಕ್ಯಕ್ಕಾಗಿ.

ಅಲ್ಲಿಗೆ ಬರುವ ಮೊದಲು ಬಯ್ಯುವುದಿದ್ದಷ್ಟನ್ನು ಬೈದು ಮುಗಿಸುತ್ತೇನೆ.

ನಿಮ್ಮ ಮೊದಲ ವಾಕ್ಯ ‘ಅನಿಮೆ ಎಂದರೆ ಬರೀ ಕಾರ್ಟೂನ್ ಅಲ್ಲ, ಅದೊಂದು ಭಾವಲೋಕ’. ಇದೇ ವಾಕ್ಯ ನನ್ನ ಮೇಜಿಗೆ ಬೇರೆ ಬೇರೆ ಊರುಗಳಿಂದ ಬರುತ್ತಲೇ ಇರುತ್ತದೆ. ‘ಇಷ್ಟು ದೊಡ್ಡವನಾಗಿ ಇನ್ನೂ ಕಾರ್ಟೂನ್ ನೋಡ್ತೀಯೇನೋ’ ಎಂದು ನಿಮಗೆ ಯಾರೋ ಗೇಲಿ ಮಾಡಿದ್ದಾರೆ, ದೊಡ್ಡಪ್ಪನೋ ಯಾರೋ, ಅವರಿಗೆ ಜವಾಬು ಕೊಡಲು ಕೂತಿದ್ದೀರಿ. ದೊಡ್ಡಪ್ಪ ನಮ್ಮ ಪತ್ರಿಕೆ ಓದುವುದಿಲ್ಲ, ಬಿಡಿ. ಜೊತೆಗಿನ ಪತ್ರದಲ್ಲಿ ‘ನಿಮ್ಮ ತಲೆಮಾರಿಗೆ ಇದು ಅರ್ಥವಾಗುವುದು ಕಷ್ಟ’ ಎಂದೂ ಬರೆದಿದ್ದೀರಿ. ನಮ್ಮಮ್ಮ ಸಂಜೆ ಧಾರಾವಾಹಿಯ ಅತ್ತೆಗೆ ಅಡುಗೆಮನೆಯಿಂದಲೇ, ಕೈಯಲ್ಲಿ ಸೌಟು ಹಿಡಿದು, ಹೆಸರು ಹಿಡಿದು ಶಾಪ ಹಾಕುತ್ತಿದ್ದರು, ಆ ಹೊತ್ತಿಗೆ ಕುಕ್ಕರ್ ಎಷ್ಟು ಸೀಟಿ ಹೊಡೆದರೂ ಲೆಕ್ಕವಿಲ್ಲ. ನನಗೆ ಅರ್ಥವಾಗುತ್ತದೆ ಮಾರಾಯರೇ.

ಆರು ಪುಟದಲ್ಲಿ ನಾಲ್ಕು ಪುಟ ಕಥೆಯನ್ನೇ ಹೇಳಿದ್ದೀರಿ. ಒಂಬತ್ತು ಬಾಲದ ನರಿ, ಊರಿನವರು ನರುಟೊ ಎಂಬ ಆ ಹುಡುಗನನ್ನು ದೂರ ಇಟ್ಟಿದ್ದು, ಸಾಸುಕೆ ಊರು ಬಿಟ್ಟಿದ್ದು, ಆಮೇಲೆ ಯುದ್ಧ. ನೋಡಿದವರಿಗೆ ಇದೆಲ್ಲ ಗೊತ್ತು. ನೋಡದವರಿಗೆ ಗುರುತಿಲ್ಲದ ಮನೆಯ ಮದುವೆ ಆಲ್ಬಮ್ ತೋರಿಸಿದ ಹಾಗೆ.

ಇನ್ನು ಲೆಕ್ಕದ ತಪ್ಪು. ನರುಟೊ 700 ಸಂಚಿಕೆ ಎಂದಿದ್ದೀರಿ. 700 ಇರುವುದು ಮಾಂಗಾದ, ಅಂದರೆ ಮೂಲ ಚಿತ್ರಕಥೆ ಪುಸ್ತಕದ ಅಧ್ಯಾಯಗಳು, ಅದು 1999ರಲ್ಲಿ ಶುರುವಾಗಿ 2014ರಲ್ಲಿ ಮುಗಿಯಿತು. ಟಿವಿಯಲ್ಲಿ ಬಂದದ್ದು ಮೊದಲು 220, ಅದರ ಮುಂದುವರಿಕೆ ‘ಶಿಪ್ಪುಡೆನ್’ 500, ಒಟ್ಟು 720. ಇದನ್ನು ಹಿಡಿದವಳು ಮಗಳು, ಹಿಡಿದು ಇಡೀ ದಿನ ನಕ್ಕಳು. ‘ಅದ್ಭುತ ಗ್ರಾಫಿಕ್ಸ್’ ಎಂಬ ಮಾತನ್ನೂ ತೆಗೆಯಿರಿ. ಒಂದು ಸೆಕೆಂಡಿಗೆ 24 ಫ್ರೇಮ್ ಇದ್ದರೂ ಅನಿಮೆ ಮಾಡುವವರು ಎಷ್ಟೋ ಕಡೆ ಎಂಟೋ ಹನ್ನೆರಡೋ ಚಿತ್ರದಲ್ಲಿ ಮುಗಿಸುತ್ತಾರೆ. 1963ರಲ್ಲಿ ಮಾಂಗಾಕಾರ ಒಸಾಮು ತೆಜುಕಾ ಟಿವಿಗೆ ವಾರಕ್ಕೊಂದು ಸಂಚಿಕೆ ಕೊಡಲು ಹೊರಟಾಗಿನಿಂದ ನಡೆದುಬಂದ ಉಳಿತಾಯ ಅದು. ಮುಖ ಅಲ್ಲಾಡುವುದಿಲ್ಲ, ಬಾಯಿ ಮಾತ್ರ ಆಡುತ್ತದೆ. ಅಂಥ ಅಲ್ಲಾಡದ ಮುಖ ನೋಡಿ ನೀವು ಅತ್ತಿದ್ದೀರಿ. ಗ್ರಾಫಿಕ್ಸ್ ಹೊಗಳುವುದಕ್ಕಿಂತ ಅದನ್ನು ಬರೆದರೆ ಚೆನ್ನಾಗಿತ್ತು, ಅಲ್ವಾ?

‘ಹೆಮ್ಮೆಯ ಒಟಾಕು’, ಅಂದರೆ ಅನಿಮೆ ಹುಚ್ಚಿನವನು, ಎಂದು ಹೆಸರಿನ ಕೆಳಗೆ ಬರೆದುಕೊಂಡಿದ್ದೀರಿ. ಇಟ್ಟುಕೊಳ್ಳಿ, ಆದರೆ ಗೊತ್ತಿದ್ದು ಇಟ್ಟುಕೊಳ್ಳಿ. ಜಪಾನಿಯಲ್ಲಿ ಅದರ ಮೂಲ ಅರ್ಥ ‘ತಮ್ಮ ಮನೆ’, ಅದೇ ‘ತಾವು’ ಎನ್ನುವ ಮರ್ಯಾದೆಯ ಮಾತೂ ಹೌದು. 1983ರಲ್ಲಿ ಅಕಿಯೊ ನಕಾಮೊರಿ ಎಂಬವರು ತಮ್ಮ ಅಂಕಣದಲ್ಲಿ ಮಾಂಗಾ ಹುಚ್ಚಿನವರನ್ನು ಆಡಿಕೊಳ್ಳಲು ಬಳಸಿದ ಮೇಲೆ ಅದಕ್ಕೆ ಬೈಗುಳದ ವಾಸನೆ ಹತ್ತಿತು.

ಸರಿ, ಈಗ ಐದನೇ ಪುಟ. ನಿಮ್ಮ ವಾಕ್ಯಗಳನ್ನೇ ಇಲ್ಲಿ ಇಳಿಸುತ್ತೇನೆ: ‘ಪ್ರತಿ ಪರೀಕ್ಷೆಯ ಹಿಂದಿನ ರಾತ್ರಿ ನಾನು ರಾಕ್ ಲೀ ಕಾಳಗ ನೋಡುತ್ತೇನೆ. ಡಿಗ್ರಿಯಿಂದಲೂ ಇದೇ ಅಭ್ಯಾಸ. ಮೊನ್ನೆ ಇಂಟರ್‌ವ್ಯೂಗೆ ಹೋಗುವ ಮುಂಚೆಯೂ ನೋಡಿದೆ.’

ಇಷ್ಟು ಹೇಳಿ ನೀವು ಮತ್ತೆ ‘ಅನಿಮೆ ನಮಗೆ ಜೀವನಪಾಠ ಕಲಿಸುತ್ತದೆ’ ಕಡೆಗೆ ಹೋಗಿಬಿಟ್ಟಿರಿ! ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು.

ಭಾನುವಾರ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲ ಸರಣಿಯಲ್ಲಿ ಆ ಕಾಳಗದ ಮೂರು ಸಂಚಿಕೆ, 48ರಿಂದ 50, ನೋಡಿದೆ. ರಾಕ್ ಲೀ ಅಂದರೆ ಹಸಿರು ಬಟ್ಟೆಯ ಹುಡುಗ, ದಪ್ಪ ಹುಬ್ಬು, ಒಂದೂ ಮಂತ್ರವಿದ್ಯೆ ಬರುವುದಿಲ್ಲ, ಬರೀ ಮೈಮುರಿದು ಕಲಿತದ್ದು. ಎದುರಿಗೆ ಮರಳನ್ನೇ ಆಡಿಸುವ ಗಾರಾ. ಗುರು ಹೆಬ್ಬೆರಳು ಎತ್ತಿ ಅಪ್ಪಣೆ ಕೊಟ್ಟ ಮೇಲೆ ಹುಡುಗ ಕಾಲಿಗೆ ಕಟ್ಟಿಕೊಂಡಿದ್ದ ಭಾರ ಬಿಚ್ಚಿ ಬಿಡುತ್ತಾನೆ. ನೋಡೋಕೆ ಇಷ್ಟೇ ಇಷ್ಟು, ಕೆಳಗೆ ಬಿದ್ದರೆ ನೆಲ ಒಡೆದು ಧೂಳು ಮಾಡಿನವರೆಗೂ ಏಳುತ್ತದೆ. ಅಲ್ಲಿ ನಾನೂ ‘ಅಬ್ಬಾ’ ಎಂದೆ, ಒಪ್ಪಿಕೊಳ್ಳುತ್ತೇನೆ. ಆದರೆ ಆಮೇಲೆ? ಅವನು ಸೋಲುತ್ತಾನೆ. ಒಂದು ಕೈ ಒಂದು ಕಾಲು ಮರಳಿನಲ್ಲಿ ನುಜ್ಜುಗುಜ್ಜು. ಪ್ರಜ್ಞೆಯೇ ಇಲ್ಲದೆ ಎದ್ದು ನಿಲ್ಲುತ್ತಾನೆ, ಗುರು ಬಂದು ತಬ್ಬಿಕೊಂಡು ಅಳುತ್ತಾನೆ.

ಪರೀಕ್ಷೆಯ ಹಿಂದಿನ ರಾತ್ರಿ ಎಲ್ಲರೂ ಗೆದ್ದವರನ್ನು ನೆನೆಸಿಕೊಳ್ಳುತ್ತಾರೆ, ದೇವರಿಗೆ ಕಾಯಿ ಒಡೆಸುತ್ತಾರೆ. ನೀವು ಸೋತವನನ್ನು ನೋಡಿ ಮಲಗುತ್ತೀರಿ, ಅದೂ ವರ್ಷಗಟ್ಟಲೆ. ಯಾಕೆ? ನನಗೆ ಆ ಲೇಖನ ಬೇಕು. ಉತ್ತರ ನಿಮಗೇ ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಆ ರಾತ್ರಿ ಹೇಗಿರುತ್ತದೆ ಅಂತ ಬರೆಯಿರಿ. ಮೊಬೈಲಲ್ಲಿ ನೋಡುತ್ತೀರೋ ಲ್ಯಾಪ್‌ಟಾಪಲ್ಲೋ? ಇಯರ್‌ಫೋನಿನ ಒಂದು ಕಿವಿ ಕೆಟ್ಟಿದೆಯೇ? ಮೂರೂ ಸಂಚಿಕೆ ನೋಡುತ್ತೀರೋ, ಭಾರ ಬಿಚ್ಚುವಲ್ಲಿಗೆ ನಿಲ್ಲಿಸಿಬಿಡುತ್ತೀರೋ? ಇದು ತುಂಬಾ ಮುಖ್ಯ. ಅಲ್ಲಿಗೇ ನಿಲ್ಲಿಸುವವರು ಬೇರೆ ಮನುಷ್ಯ, ಸೋಲುವವರೆಗೂ ಕೂರುವವರು ಬೇರೆ.

ಇನ್ನೆರಡು ಕಡೆಯೂ ನೀವು ಒಳಗಿನ ಮಾತು ಆಡಿ ಮುಚ್ಚಿಟ್ಟಿದ್ದೀರಿ. ಪಿಜಿಯಲ್ಲಿ ಅನ್ನ ಸಾರಿನ ತಟ್ಟೆ ಮುಂದೆ ಕೂತು ಮೆಲ್ಲಗೆ, ಜಪಾನಿನವರು ಊಟಕ್ಕೆ ಮುಂಚೆ ಹೇಳುವ ‘ಇತದಾಕಿಮಾಸು’ ಎನ್ನುತ್ತೀರಂತೆ, ರೂಮ್‌ಮೇಟ್ ಅದನ್ನು ಯಾವುದೋ ಶ್ಲೋಕ ಅಂದುಕೊಂಡು ತಾನೂ ಕಣ್ಣು ಮುಚ್ಚಿದನಂತೆ. ಇದಕ್ಕೆ ನೀವು ಕೊಟ್ಟಿರುವುದು ಒಂದು ಆವರಣ ಚಿಹ್ನೆಯೊಳಗಿನ ಅರ್ಧ ಸಾಲು! ಬಿಡಿಸಿ ಬರೆಯಿರಿ. ಹಾಗೆಯೇ ಫಿಲ್ಲರ್ ವಿಷಯ. ವಾರವಾರ ಓಡುವ ಟಿವಿ ಮಾಂಗಾವನ್ನು ಹಿಂದಿಕ್ಕಬಾರದು ಅಂತ ನಡುವೆ ತಾವೇ ಕಟ್ಟಿ ತುರುಕಿದ ಕಥೆಗಳು ಅವು, ಮೊದಲ ಸರಣಿಯಲ್ಲಿ 136ರಿಂದಾಚೆಗೆ ಬಹುತೇಕ ಅದೇ. ನೋಡುವವರು ಪಟ್ಟಿ ಇಟ್ಟುಕೊಂಡು ದಾಟಿಸುತ್ತಾರೆ, ಮಗಳೂ ಹಾಗೇ ಮಾಡಿದಳು. ನೀವೂ ದಾಟಿಸಿದ್ದಿರಿ, ಆಮೇಲೆ ಎಲ್ಲ ಮುಗಿದು ಏನೂ ಉಳಿಯದೆ ಇದ್ದಾಗ ವಾಪಸ್ ಹೋಗಿ ಬಿಟ್ಟದ್ದನ್ನೆಲ್ಲ ಒಂದೊಂದಾಗಿ, ದಿನಕ್ಕೊಂದೇ ಎಂದು ಲೆಕ್ಕ ಹಾಕಿ ನೋಡಿದಿರಿ. ಹಬ್ಬ ಕಳೆದ ಮೇಲೆ ಡಬ್ಬಿ ತಳದ ಚಕ್ಕುಲಿ ಪುಡಿ ತಿಂದ ಹಾಗೆ. ಪಾತ್ರಗಳನ್ನು ಎಷ್ಟು ಹಚ್ಚಿಕೊಂಡಿದ್ದೀರಿ ಅಂತ ನನಗೆ ಗೊತ್ತಾದದ್ದು ಇದರಿಂದ, ‘ಭಾವನೆಗಳ ಮಹಾಪೂರ’ ಎಂಬ ಮಾತಿನಿಂದ ಏನೂ ಗೊತ್ತಾಗಲಿಲ್ಲ. ಅದು ನಾಲ್ಕು ಸಲ ಬಂದಿದೆ, ನಾಲ್ಕನ್ನೂ ಹೊಡೆದುಹಾಕಿದ್ದೇನೆ.

ಕಥೆ ಹೇಳಬೇಡಿ ಅಂದರೆ ಪೂರ್ತಿ ಬೇಡ ಅಂತಲ್ಲ. ರಾಕ್ ಲೀ ಯಾರು ಅನ್ನುವುದಕ್ಕೆ ನಾಲ್ಕು ಸಾಲು ಸಾಕು. ಮೊದಲ ಪುಟದ ‘ನಾವು’ ಎಲ್ಲ ‘ನಾನು’ ಆಗಲಿ, ‘ಅನಿಮೆ ಪ್ರೇಮಿಗಳಾದ ನಾವು’ ಅಂತ ಗುಂಪಿನ ಹಿಂದೆ ನಿಲ್ಲಬೇಡಿ. ಸಾವಿರ ಪದ ದಾಟುವುದು ಬೇಡ. ಹೆಸರೂ ಬದಲಿಸಿ, ಉಸಿರು ಬೇಡವೇ ಬೇಡ.

ತಿಂಗಳ ಕೊನೆಯೊಳಗೆ ಕಳಿಸಿದರೆ ಮುಂದಿನ ಸಂಚಿಕೆಗೆ ನೋಡೋಣ. ಹಾಂ, ಆ ಇಂಟರ್‌ವ್ಯೂ ಏನಾಯಿತು ಅಂತ ಎಲ್ಲೂ ಬರೆದಿಲ್ಲ. ಲೇಖನದಲ್ಲಿ ಬೇಡ ಅನ್ನಿಸಿದರೆ ಪತ್ರದಲ್ಲಾದರೂ ತಿಳಿಸಿ, ಮಗಳು ದಿನಾ ಕೇಳುತ್ತಿದ್ದಾಳೆ.

ಇಂತಿ,
ಸಂಪಾದಕ